ಖಾಲಿ ಜಾಗಕ್ಕೆ ಸೊನ್ನೆ

ಬಿನ್ನಿಪೇಟೆ
3 ಫೆಬ್ರವರಿ 2025

ಕುಸುಮಾ,

ಆರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಅದೂ ನನ್ನ ಇಷ್ಟದಿಂದಲ್ಲ. ಪಂಚಾಕ್ಷರಿ ಮೇಷ್ಟ್ರು ನಿನ್ನೆ ವಿಜಯನಗರದ ಮನೆಗೆ ಕರೆಸಿ, ಮೊದಲು ಉಪ್ಪಿಟ್ಟು ಕೊಟ್ಟು, ಆಮೇಲೆ ವಿಷಯ ಹೇಳಿದರು. ನಮ್ಮ ಸಂಜೆ ಶಾಲೆಗಳ ಒಕ್ಕೂಟ ಇನ್ನು ಮೇಲೆ ಮಕ್ಕಳಿಗೆ ಒಂದೇ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತದಂತೆ. ಒಂದೋ ನನ್ನ ಲಾಳಿ, ಇಲ್ಲ ನಿನ್ನ ಕದಿರು. ಏಪ್ರಿಲ್ 6ರ ಭಾನುವಾರ ಎಲ್ಲ ಶಾಲೆಯ ಮೇಷ್ಟ್ರುಗಳೂ ಸೇರಿ ಕೈ ಎತ್ತುತ್ತಾರೆ. ಕನ್ನಡದಲ್ಲಿ ಕೋಡ್ ಬರೆಯುವವರು ಇರುವುದೇ ಈ ಶಾಲೆಗಳಲ್ಲಿ. ಇಲ್ಲಿ ಸೋತ ಭಾಷೆ ಸತ್ತ ಹಾಗೆಯೇ.

ಮೇಷ್ಟ್ರ ಹಳೆಯ ಪದ್ಧತಿ ನಿನಗೆ ಗೊತ್ತಲ್ಲ. ಓಟಿಗೆ ಮುಂಚೆ ನಾನು ನಿನ್ನ ವಾದ ಬರೆಯಬೇಕು, ನೀನು ನನ್ನದನ್ನು. ಎದುರಿನವರು ಕೆಳಗೆ ‘ಹೌದು, ನನ್ನ ಮಾತು ಇದೇ’ ಎಂದು ಬರೆದುಕೊಡುವ ತನಕ ತಿದ್ದುತ್ತಲೇ ಇರಬೇಕು. ಸಭೆಯಲ್ಲಿ ಅದನ್ನೇ ಓದುವುದು, ನಾನು ಕದಿರಿನ ಪರ, ನೀನು ಲಾಳಿಯ ಪರ. ವಾಟ್ಸಾಪಿನಲ್ಲಿ ಕಚ್ಚಾಡಿದ್ದು ಸಾಕು, ಇಮೇಲಿನಲ್ಲಾದರೂ ಸರಿ, ಕಾಗದ ಬರೆಯಿರಿ ಅಂದರು. ಕಚ್ಚಾಟವಂತೂ ಹೌದು. ನಮ್ಮ ಕಡೆಯ ಶ್ರೀಶೈಲ ನಿನ್ನ ಭಾಷೆಗೆ ‘ಬೆತ್ತದ ಭಾಷೆ’ ಅಂತ ಹೆಸರಿಟ್ಟ. ನಿಮ್ಮವರು ನಮ್ಮದಕ್ಕೆ ‘ತಲೆಯಾಡಿಸೋ ಭಾಷೆ’ ಅಂದರು. ಈಗ ಎರಡು ಗುಂಪಿನ ಹುಡುಗರೂ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ.

ಇಷ್ಟಕ್ಕೂ ಜಗಳ ಒಂದೇ ಒಂದು ವಿಷಯಕ್ಕೆ. ಅಂಕಿ ಇರಬೇಕಾದ ಜಾಗ ಖಾಲಿ ಇದ್ದರೆ ಲಾಳಿ ಅದನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ. ನಿನ್ನ ಕದಿರು ಕೆಂಪು ಅಕ್ಷರದಲ್ಲಿ ‘ತಪ್ಪು’ ಅಂತ ಕಿರುಚಿ ನಿಂತುಬಿಡುತ್ತದೆ. ಇಬ್ಬರೂ ಸೇರಿ ಕಟ್ಟಿದ ಭಾಷೆಯನ್ನು ಇಷ್ಟಕ್ಕಾಗಿ ಹೋದ ಆಗಸ್ಟಿನಲ್ಲಿ ಒಡೆದುಕೊಂಡು ಹೋದೆ.

ಸರಿ, ನಿನ್ನ ವಾದ ಬರೆದಿದ್ದೇನೆ, ನೋಡು: ‘ಶಿಸ್ತು ಮುಖ್ಯ. ಮಕ್ಕಳು ಮೊದಲಿನಿಂದಲೇ ಸರಿಯಾಗಿ ಬರೆಯಲು ಕಲಿಯಬೇಕು. ದೊಡ್ಡ ಕಂಪನಿಗಳಲ್ಲೂ ಹೀಗೆಯೇ ಮಾಡುತ್ತಾರೆ.’

ನನ್ನ ವಾದ ಬರೆಯುವುದು ನಿನಗೆ ಕಷ್ಟವಾದರೆ ನಮ್ಮ ಲಾಳಿ ಪಾಠದ ಪುಸ್ತಕದ ಮೊದಲ ಪುಟ ತೆಗೆದು ನೋಡು. ನಿಮ್ಮಪ್ಪನಿಗೆ ದಿನದಿನದ ಶುಗರ್ ಲೆಕ್ಕಕ್ಕೆ ನಾನು ಬರೆದುಕೊಟ್ಟ ಪ್ರೋಗ್ರಾಮ್ ಅಲ್ಲೇ ಇದೆ. ಮುನಿರಾಜು ಅಂಕಲ್ ಒಂದು ದಿನ ಅಂಕಿ ಹಾಕದೆ ಬಿಟ್ಟರೂ ಅದು ಮುಖ ಸಿಂಡರಿಸುವುದಿಲ್ಲ. ಭಾನುವಾರ ಸರಾಸರಿ ತೆಗೆದು ನಿನ್ನ ಫೋನಿಗೆ ಹಸಿರು ಚುಕ್ಕೆಯೋ ಕೆಂಪು ಚುಕ್ಕೆಯೋ ಕಳಿಸುತ್ತದೆ. ನನ್ನ ವಾದ ಅಷ್ಟೇ.

ಮಹದೇವ್


ಬೀದರ್
6 ಫೆಬ್ರವರಿ 2025

ಮಹದೇವ್,

ನೀನು ಬರೆದದ್ದು ನನ್ನ ಮಾತಲ್ಲ. ಕಂಪನಿಗಳ ವಿಷಯ ನಾನು ಯಾವತ್ತೂ ಎತ್ತಿಲ್ಲ. ಶಿಸ್ತಿನ ವಿಷಯವೂ ಅಲ್ಲ. ಮತ್ತೆ ಬರೆ.

ನಿನ್ನ ವಾದ ಹೀಗಿದೆ ಎಂದುಕೊಂಡಿದ್ದೇನೆ: ‘ಹೊಸದಾಗಿ ಕಲಿಯುವವರು ಎರರ್ ಕಂಡರೆ ಹೆದರುತ್ತಾರೆ. ಆದ್ದರಿಂದ ಎರರ್ ಕಡಿಮೆ ತೋರಿಸಬೇಕು.’

ಇನ್ನೊಂದು ಮಾತು. ಪುಸ್ತಕದ ಮೊದಲ ಪುಟದಿಂದ ಅಪ್ಪನ ಪ್ರೋಗ್ರಾಮ್ ತೆಗೆದುಬಿಡು. ಬೇರೆ ಯಾವುದಾದರೂ ಉದಾಹರಣೆ ಹಾಕಿಕೊ. ಕಾರಣ ಕೇಳಬೇಡ.

ಇಲ್ಲಿ ಪರೀಕ್ಷೆ ಶುರುವಾಗಿದೆ. ಕಾಲೇಜಿನಲ್ಲಿ ಕೆಲಸ ಜಾಸ್ತಿ.

ಕುಸುಮಾ


ಬಿನ್ನಿಪೇಟೆ
15 ಫೆಬ್ರವರಿ 2025

ಕುಸುಮಾ ಮೇಡಂ ಅವರಿಗೆ,

ಬೀದರಿನ ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್ ಆದ ಮೇಲೆ ಎಲ್ಲರಿಗೂ ಹೀಗೆಯೇ ಆರ್ಡರ್ ಮಾಡುತ್ತೀಯಾ? ಕಾರಣ ಕೇಳಬೇಡ ಅಂತೆ. ಎಂಟು ವರ್ಷ ನಮ್ಮ ತಾರಸಿ ಮೇಲೆ ಒಂದೇ ಲ್ಯಾಪ್‌ಟಾಪಿಗೆ ಇಬ್ಬರೂ ಕಣ್ಣು ನೆಟ್ಟು ಕೂತಾಗ, ಕಾರಣ ಹೇಳದೆ ಒಂದು ಸಾಲನ್ನಾದರೂ ಅಳಿಸಿದ್ದೇನಾ?

ನನಗೇನು ಅರ್ಥವಾಗುವುದಿಲ್ಲವೇ? ನೀನೀಗ ಎದುರು ಪಕ್ಷದ ನಾಯಕಿ. ನಿಮ್ಮಪ್ಪನ ಹೆಸರು ನಮ್ಮ ಪುಸ್ತಕದಲ್ಲಿ ಇದ್ದರೆ ಮುಜುಗರ. ಅಷ್ಟು ತಾನೆ? ತೆಗೆಯುವುದಿಲ್ಲ. ಅದು ಲಾಳಿಯಲ್ಲಿ ನಾನು ಬರೆದ ಅತಿ ಒಳ್ಳೆಯ ಪ್ರೋಗ್ರಾಮ್. ಅಂಕಲ್ ಅದನ್ನು ತಮ್ಮ ಸಿಮೆಂಟ್ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದಾರೆ.

ನೀನು ಬರೆದದ್ದು ನನ್ನ ಮಾತಲ್ಲ. ‘ಎರರ್ ಕಂಡರೆ ಹೆದರುತ್ತಾರೆ’ ಎಂದು ಬರೆದಿದ್ದೀಯ, ಜಿರಳೆ ಕಂಡರೆ ಹೆದರುತ್ತಾರೆ ಅನ್ನುವ ಹಾಗೆ. ನಿಮ್ಮದು ಕೆಂಗೇರಿಯಲ್ಲಿ ಜಮೀನಿದ್ದ ಮನೆತನ. ತಪ್ಪು ಎಂದು ಯಾರಾದರೂ ಜೋರು ಮಾಡಿದರೆ ತಿರುಗಿ ಜೋರು ಮಾಡಿ ಅಭ್ಯಾಸ. ನಮ್ಮ ತಾತ ಇಲ್ಲಿನ ಬಟ್ಟೆ ಮಿಲ್ಲಿನಲ್ಲಿ ಇಡೀ ಆಯಸ್ಸು ಸೂಪರ್‌ವೈಸರ್ ಬಾಯಿಗೆ ತಲೆ ತಗ್ಗಿಸಿ ದುಡಿದವರು. ಆ ಮಿಲ್ಲಿನ ನೆನಪಿಗೇ ಅಲ್ಲವಾ ಭಾಷೆಗೆ ಲಾಳಿ ಅಂತ ಹೆಸರಿಟ್ಟದ್ದು? ನೀನು ಕದಿರು ಅಂತ ಇನ್ನೊಂದು ಹೆಸರೂ ಅಲ್ಲಿಂದಲೇ ಎತ್ತಿಕೊಂಡು ಹೋದೆ. ಅದಾದರೂ ಕೇಳಿ ತೆಗೆದುಕೊಂಡಿದ್ದರೆ ಕೊಡುತ್ತಿದ್ದೆ.

ನಿನ್ನ ವಾದ, ಎರಡನೇ ಸಲ: ‘ಭಾಷೆ ಊಹೆ ಮಾಡಬಾರದು. ಊಹೆ ಮಾಡಿದರೆ ಉತ್ತರ ತಪ್ಪಾಗಬಹುದು.’

ಮಹದೇವ್


ಬೀದರ್
4 ಮಾರ್ಚ್ 2025

ಮಹದೇವ್,

ತಡವಾಯಿತು. ಮನೆಯ ಕೆಲಸಕ್ಕೆ ರಜೆ ಹಾಕಿದ್ದೆ.

ನಿನ್ನ ಎರಡನೇ ಪ್ರಯತ್ನ ತಪ್ಪಲ್ಲ, ಆದರೆ ಜೀವ ಇಲ್ಲ. ಅದು ಪಠ್ಯಪುಸ್ತಕದ ಮಾತು. ನಾನು ಆ ಮಾತಿಗಾಗಿ ನಿನ್ನ ಜೊತೆ ಜಗಳವಾಡಿ ಹೋಗುತ್ತಿರಲಿಲ್ಲ, ಅಷ್ಟಾದರೂ ನಿನಗೆ ಗೊತ್ತಿರಬೇಕಿತ್ತು.

ನಿನ್ನದನ್ನು ಮತ್ತೆ ಬರೆದಿದ್ದೇನೆ.

‘ಬಿನ್ನಿಪೇಟೆಯ ಸಂಜೆ ಶಾಲೆಗೆ ಮೊದಲ ವರ್ಷ ಒಬ್ಬರು ಟೈಲರ್ ಬರುತ್ತಿದ್ದರು. ಹೆಸರು ಅಂಜನಮ್ಮ. ಮಗ ಮಹದೇವನೇ ಅಲ್ಲಿ ಮೇಷ್ಟ್ರು. ಅಳತೆ ಹಾಕಿದರೆ ಯಾವ ರವಿಕೆಗೆ ಎಷ್ಟು ಬಟ್ಟೆ ಬೇಕು ಎಂದು ಹೇಳುವ ಪ್ರೋಗ್ರಾಮ್ ಬರೆಯಬೇಕು ಎಂದು ಅವರ ಆಸೆ. ಆಗ ಕಲಿಸುತ್ತಿದ್ದದ್ದು ಬೇರೆ ಭಾಷೆ, ಇಂಗ್ಲಿಷಿನದು. ತೋಳಿನ ಅಳತೆಯ ಜಾಗವನ್ನು ಅವರು ಖಾಲಿ ಬಿಟ್ಟರು, ಆ ರವಿಕೆಗೆ ತೋಳೇ ಇರಲಿಲ್ಲ. ಪರದೆಯ ತುಂಬ ಕೆಂಪು ಅಕ್ಷರ ಬಂತು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು. ಸುತ್ತ ಕೂತ ಹುಡುಗರು ನಕ್ಕರು. “ಏನೋ ಕೆಡಿಸಿಬಿಟ್ಟೆ ಕಣಪ್ಪ” ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಅವರು ಕೆಡಿಸಿದ್ದು ಏನೂ ಇರಲಿಲ್ಲ. ಖಾಲಿ ಅಂದರೆ ಇಲ್ಲ ಎಂದು ಅರ್ಥ ಮಾಡಿಕೊಳ್ಳುವಷ್ಟು ದೊಡ್ಡತನ ಆ ಭಾಷೆಗೆ ಇರಲಿಲ್ಲ, ಅಷ್ಟೇ. ಕಲಿಯಲು ಬಂದವರನ್ನು ಎಬ್ಬಿಸಿ ಕಳಿಸದ ಒಂದು ಭಾಷೆ ಇರಲಿ ಎಂದು ಲಾಳಿ ಹುಟ್ಟಿತು.’

ಸರಿಯಿದ್ದರೆ ಒಪ್ಪಿಗೆ ಕೊಡು.

ಕುಸುಮಾ


ಬಿನ್ನಿಪೇಟೆ
9 ಮಾರ್ಚ್ 2025

ಕುಸುಮಾ,

ಹೌದು, ನನ್ನ ಮಾತು ಇದೇ.

ಎರಡು ಸಲ ಓದಿದೆ. ಆವತ್ತು ನೀನು ಆ ಮೂಲೆಯಲ್ಲಿ ಕೇಬಲ್ ಸುತ್ತುತ್ತಿದ್ದೆ, ನೋಡಿರಲಿಕ್ಕಿಲ್ಲ ಎಂದುಕೊಂಡಿದ್ದೆ. ತೋಳಿಲ್ಲದ ರವಿಕೆ ಎನ್ನುವುದು ನನಗೇ ಮರೆತುಹೋಗಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನಿನ್ನೆ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ನಿನ್ನ ತಮ್ಮ ಯಶ್ವಂತ್ ಸಿಕ್ಕಿದ್ದ. ‘ಅಕ್ಕ ಹೋದ ವಾರ ಪೂರ್ತಿ ಇಲ್ಲೇ ಇದ್ಳಲ್ಲ ಅಣ್ಣ, ನಿಮ್ಗೆ ಸಿಗ್ಲಿಲ್ವಾ?’ ಎಂದ. ಯಾಕೆ ಬಂದಿದ್ದಳು ಎಂದರೆ ಮಾತು ತಿರುಗಿಸಿದ. ಮೆಟ್ರೋ ಹತ್ತಿದರೆ ಮುಗಿಯಿತು, ಕೆಂಗೇರಿಯಿಂದ ನಮ್ಮ ಮನೆ ಎಷ್ಟು ದೂರ? ಶ್ರೀಶೈಲ ಹೇಳುವ ಪ್ರಕಾರ ನೀನು ಬಂದದ್ದು ಕುರುಬರಹಳ್ಳಿ, ಬಸವೇಶ್ವರನಗರದ ಮೇಷ್ಟ್ರುಗಳ ಓಟು ಕೇಳಲು. ನಂಬಬಾರದು ಎಂದುಕೊಂಡೆ. ಆದರೆ ನೀನೇ ‘ಮನೆಯ ಕೆಲಸ’ ಎಂದು ಬರೆದಿದ್ದೀಯ. ಮನೆಯ ಕೆಲಸಕ್ಕೆ ಗುಟ್ಟು ಯಾಕೆ?

ಹಾಗಾಗಿ ನಾವೂ ಸುಮ್ಮನೆ ಕೂರಲಿಲ್ಲ. ಶ್ರೀಶೈಲ ಪೋಸ್ಟರ್ ಮಾಡಿಸಿದ್ದಾನೆ. ಅಂಕಲ್ ಅಂಗಡಿಯಲ್ಲಿ ನಗುತ್ತಾ ಕೂತ ಹಳೆಯ ಫೋಟೋ, ಕೆಳಗೆ ‘ಬೈಯದ ಭಾಷೆ ಲಾಳಿ, ಮುನಿರಾಜು ಅವರ ಆರೋಗ್ಯದ ಗೆಳೆಯ’. ಇವತ್ತಿನಿಂದ ಎಲ್ಲ ಶಾಲೆಯ ಗೋಡೆಯ ಮೇಲೂ ಇರುತ್ತದೆ. ನಾನೇ ಒಪ್ಪಿಗೆ ಕೊಟ್ಟೆ.

ಮಹದೇವ್


ಬೀದರ್
11 ಮಾರ್ಚ್ 2025

ಮಹದೇವ್,

ಆ ಪೋಸ್ಟರ್ ತೆಗೆಸು. ಇವತ್ತೇ.

ಹೇಳಬಾರದು ಎಂದಿದ್ದೆ, ಹೇಳಿಸುತ್ತಿದ್ದೀಯ. ಅಪ್ಪನ ಎಡಗಾಲಿನಲ್ಲಿ ಈಗ ಮೂರೇ ಬೆರಳಿವೆ. ಹೋದ ಜುಲೈನಲ್ಲಿ ಅಂಗಡಿಯಲ್ಲಿ ಕಬ್ಬಿಣದ ಸರಳು ತಾಗಿ ಗಾಯವಾಯಿತು, ವಾಸಿಯಾಗಲಿಲ್ಲ. ಆಗಸ್ಟಿನಲ್ಲಿ ಒಂದು ಬೆರಳು ತೆಗೆದರು. ಮೊನ್ನೆ ಫೆಬ್ರವರಿಯಲ್ಲಿ ಇನ್ನೊಂದು. ಆ ವಾರವೇ ನಾನು ಕೆಂಗೇರಿಯಲ್ಲಿ ಇದ್ದದ್ದು. ನಾನು ಕೇಳಿದ ಓಟು ಅದು.

ಶುಗರ್ ಅಷ್ಟು ಏರುವ ತನಕ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಿನ್ನ ಪ್ರೋಗ್ರಾಮ್ ತೆಗೆದು ನೋಡಿದೆ. ವಾರದಲ್ಲಿ ನಾಲ್ಕು ದಿನ ಇನ್ನೂರ ಹತ್ತರ ಆಸುಪಾಸು. ಮೂರು ದಿನ ಖಾಲಿ. ಅಪ್ಪ ಮರೆತಿದ್ದಾರೆ. ಲಾಳಿ ಆ ಮೂರು ದಿನಕ್ಕೂ ಸೊನ್ನೆ ಹಾಕಿ, ಏಳರಿಂದ ಭಾಗಿಸಿ, ನೂರಿಪ್ಪತ್ತು ಎಂದು ಹಸಿರು ಚುಕ್ಕೆ ಕಳಿಸಿದೆ. ವಾರಗಟ್ಟಲೆ ಹೀಗೆಯೇ. ಅಪ್ಪ ಡಾಕ್ಟರಿಗೆ ತೋರಿಸಿದ್ದೂ ಆ ಚುಕ್ಕೆಯನ್ನೇ. ನಾನು ಭಾನುವಾರ ಬೆಳಿಗ್ಗೆ ಹಸಿರು ನೋಡಿ ಖುಷಿಯಿಂದ ಫೋನ್ ಮಾಡುತ್ತಿದ್ದೆ.

ನಿನಗೆ ಹೇಳಬೇಡ ಎಂದವರು ಅಪ್ಪ. ‘ಆ ಹುಡುಗ ಪ್ರೀತಿಯಿಂದ ಮಾಡ್ಕೊಟ್ಟಿದ್ದಮ್ಮ, ನೊಂದ್ಕೋತಾನೆ’ ಎಂದರು. ಅದಕ್ಕೇ ನಿಜವಾದ ಕಾರಣ ಹೇಳದೆ ಭಾಷೆ ಒಡೆದುಕೊಂಡು ಹೋದೆ. ನನಗೆ ಅಹಂಕಾರ ಎಂದು ನೀನು ಊರೆಲ್ಲ ಹೇಳಿಕೊಂಡು ಬಂದೆ. ನನಗೆ ಕೋಪ ಬರುವುದಿಲ್ಲ ಎಂದುಕೊಂಡಿದ್ದೆಯಾ? ಬಂದಿತ್ತು. ಈಗಲೂ ಇದೆ.

ಸಭೆಯಲ್ಲಿ ಈ ವಿಷಯದ ಒಂದು ಅಕ್ಷರವೂ ಬರಕೂಡದು. ಅಪ್ಪನ ಕಾಲು ತೋರಿಸಿ ಓಟು ಗೆಲ್ಲುವುದು ನನಗೆ ಬೇಕಿಲ್ಲ. ನನ್ನ ವಾದ ಬರೆಯುವುದು ಇನ್ನೂ ಬಾಕಿ ಇದೆ. ಬರೆ.

ಕುಸುಮಾ


ಬಿನ್ನಿಪೇಟೆ
16 ಮಾರ್ಚ್ 2025
(ಡ್ರಾಫ್ಟಿನಲ್ಲೇ ಉಳಿದದ್ದು, ಕಳಿಸಿಲ್ಲ)

ಕುಸುಮಾ,

ಇವತ್ತು ಕೆಂಗೇರಿಗೆ ಹೋಗಿದ್ದೆ. ಪೋಸ್ಟರುಗಳನ್ನು ನಿನ್ನ ಕಾಗದ ಬಂದ ದಿನವೇ ಕಿತ್ತು ಹಾಕಿದೆ, ಕೆಲವನ್ನು ಉಗುರಿನಿಂದ ಕೆರೆಯಬೇಕಾಯಿತು.

ನಿಮ್ಮಮ್ಮ ಲಕ್ಷ್ಮಿದೇವಮ್ಮ ಆಂಟಿ ಕಾಫಿ ಕೊಟ್ಟರು. ಮನೆಯಲ್ಲಿ ಎಲ್ಲರಿಗೂ ಈಗ ಸಕ್ಕರೆ ಇಲ್ಲ. ಅಂಕಲ್ ಅಂಗಡಿಯಲ್ಲಿ ಸಿಮೆಂಟ್ ಲೋಡು ಇಳಿಸುವವರ ಮೇಲೆ ರೇಗುತ್ತಾ ಕೂತಿದ್ದರು. ಕಾಲಿನ ಮೇಲೆ ಟವೆಲ್ ಹೊದಿಸಿಕೊಂಡಿದ್ದರು. ನನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು ಅನ್ನಿಸುತ್ತದೆ. ‘ಹೇಳ್ಬಿಟ್ಲಾ?’ ಎಂದರು. ನಾನು ಕಾಲು ಮುಟ್ಟಲು ಬಗ್ಗಿದರೆ ಎಡಗಾಲು ಹಿಂದಕ್ಕೆ ಎಳೆದುಕೊಂಡು ಬಲಗಾಲು ಮುಂದೆ ಇಟ್ಟರು.

‘ನನ್ನ ಪ್ರೋಗ್ರಾಮಿಂದ ಹಿಂಗಾಯ್ತು ಅಂಕಲ್’ ಎಂದೆ.

‘ನಿನ್ನ ಪ್ರೋಗ್ರಾಮ್ ಏನ್ಮಾಡ್ತದಪ್ಪ? ಖಾಲಿ ಬಿಟ್ಟಿದ್ದು ನಾನು.’

‘ನೀವು ಮರೆತ್ರಿ. ಅದು ನಿಮ್ಮನ್ನ ಕೇಳ್ಬೇಕಿತ್ತು.’

‘ಮರೆಯೋದಾ? ಈ ಅಂಗಡೀಲಿ ಯಾವ ಮೂಟೆ ಎಲ್ಲಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ ನಾನು. ಮರೆತಿಲ್ಲ ಕಣಪ್ಪ. ತೀರಾ ಜಾಸ್ತಿ ಬಂದ ದಿನ ಬಿಡ್ತಿದ್ದೆ. ಹಂಗೆ ಬಿಟ್ರೆ ಭಾನುವಾರ ಹಸಿರು ಬರ್ತದೆ ಅಂತ ಗೊತ್ತಾಗಿತ್ತು.’

ಯಾಕೆ ಅಂಕಲ್ ಎಂದೆ. ಅವರು ಲೋಡಿನ ಕಡೆ ನೋಡುತ್ತಾ ಹೇಳಿದರು.

‘ಹಸಿರು ಬಂದ್ರೆ ಕುಸುಮಾ ಫೋನಲ್ಲಿ ನಗ್ತಾ ಮಾತಾಡೋಳು. ಅವಳ ಕಾಲೇಜು, ಹುಡುಗ್ರು, ಬೀದರಿನ ಬಿಸಿಲು, ಎಲ್ಲಾ ಹೇಳೋಳು. ಕೆಂಪು ಬಂದ್ರೆ ಅರ್ಧ ಗಂಟೆ ಬೈಗುಳ. ಪ್ರೀತಿಗೇ ಬೈಯೋದು, ಇಲ್ಲ ಅನ್ನಲ್ಲ. ಆದ್ರೆ ವಾರಕ್ಕೊಂದು ಫೋನು ಕಣಪ್ಪ. ಅದನ್ನೂ ಬೈಸ್ಕೊಂಡೇ ಕಳೀಬೇಕಾ?’

ಕೊನೆಗೆ ಕೇಳಿದೆ. ‘ಪ್ರೋಗ್ರಾಮ್ ನಿಂತ್ಕೊಂಡು, ಇವತ್ತಿನ ನಂಬರ್ ಕೊಡಿ ಅಂತ ಕೇಳಿದ್ರೆ ಏನ್ಮಾಡ್ತಿದ್ರಿ? ಸುಳ್ಳು ನಂಬರ್ ಹಾಕ್ತಿದ್ರಾ?’

ಬಹಳ ಯೋಚನೆ ಮಾಡಿದರು. ‘ಸುಳ್ಳು ಬರೆಯೋಕೆ ನಂಗೆ ಕೈ ಬರ್ತಿರ್ಲಿಲ್ಲ. ಖಾಲಿ ಬಿಡೋದು ಸುಳ್ಳಲ್ಲ ಅಂದ್ಕೊಂಡಿದ್ದೆ’ ಎಂದರು. ಆಮೇಲೆ, ‘ಇದು ಅವಳಿಗೆ ಗೊತ್ತಾಗ್ಬಾರ್ದು. ಅವಳಿಂದಾಗಿ ಅಂತ ಅಂದ್ಕೊಂಡ್ಬಿಡ್ತಾಳೆ.’

ಕುಸುಮಾ, ಇದನ್ನು ನಾನು ಸಭೆಯಲ್ಲಿ ಹೇಳಿದರೆ ಗೆದ್ದೆ. ಭಾಷೆ ಮೋಸ ಮಾಡಲಿಲ್ಲ, ಬಳಸಿದವರಿಗೆ ಗೊತ್ತಿತ್ತು ಎಂದರೆ ಮುಗಿಯಿತು. ನಿನಗೆ ಹೇಳಿದರೂ ಒಂದು ರೀತಿಯಲ್ಲಿ ಗೆದ್ದ ಹಾಗೆಯೇ, ನನ್ನ ಎದೆಯ ಮೇಲಿನ ಭಾರ ನಿನ್ನ ಎದೆಗೆ ಹೋಗುತ್ತದೆ. ಆದರೆ ಬೆಳಿಗ್ಗೆಯಿಂದ ನನಗೆ ಅಂಕಲ್ ಎಳೆದುಕೊಂಡ ಕಾಲೂ ಅಮ್ಮ ಎಳೆದುಕೊಂಡ ಕೈಯೂ ಒಟ್ಟಿಗೆ ಕಾಣುತ್ತಿವೆ. ಇಬ್ಬರೂ ಬೈಗುಳಕ್ಕೇ ಹೆದರಿದವರು. ಒಬ್ಬರು ಎದ್ದು ಹೋದರು, ಇನ್ನೊಬ್ಬರು ಖಾಲಿ


ಬಿನ್ನಿಪೇಟೆ
17 ಮಾರ್ಚ್ 2025

ಕುಸುಮಾ,

ಪೋಸ್ಟರ್ ತೆಗೆಸಿದ್ದೇನೆ. ಮೊದಲ ಪುಟವೂ ಹೋಯಿತು. ಕೆಂಗೇರಿಗೆ ಹೋಗಿ ಅಂಕಲ್ ಅವರನ್ನು ನೋಡಿ ಬಂದೆ. ಕ್ಷಮಿಸು ಎಂದು ಬರೆದರೆ ಸಣ್ಣದಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಿನ್ನ ವಾದ, ಮೂರನೇ ಸಲ:

‘ಖಾಲಿ ಬೇರೆ, ಸೊನ್ನೆ ಬೇರೆ. ಸೊನ್ನೆ ಎಂದರೆ ಅಳೆದು ನೋಡಿದೆವು, ಏನೂ ಇರಲಿಲ್ಲ ಎಂದು. ಖಾಲಿ ಎಂದರೆ ನಮಗೆ ಗೊತ್ತಿಲ್ಲ ಎಂದು. ಗೊತ್ತಿಲ್ಲದ್ದನ್ನು ಗೊತ್ತು ಎಂದು ತೋರಿಸುವ ಭಾಷೆ ಎಷ್ಟೇ ಮೆತ್ತಗೆ ಮಾತಾಡಿದರೂ ಅದನ್ನು ನಂಬಿದವರು ಕೆಡುತ್ತಾರೆ. ಬರೆಯದೆ ಬಿಟ್ಟವರಿಗೆ ಬಿಡಲು ಒಂದು ಕಾರಣ ಇರುತ್ತದೆ. ಭಾಷೆ ಅಲ್ಲಿ ನಿಂತರೆ ಮಾತ್ರ ಆ ಕಾರಣವನ್ನು ಯಾರಾದರೂ ಕೇಳುತ್ತಾರೆ.’

ಮಹದೇವ್


ಬೀದರ್
20 ಮಾರ್ಚ್ 2025

ಮಹದೇವ್,

ಹೌದು, ನನ್ನ ಮಾತು ಇದೇ.

ಕೊನೆಯ ಎರಡು ಸಾಲು ಬಿಟ್ಟು. ಅವು ಚೆನ್ನಾಗಿವೆ, ಇರಲಿ, ಅವನ್ನೂ ನನ್ನದೆಂದೇ ಒಪ್ಪುತ್ತೇನೆ. ಆದರೆ ನಾನು ಯಾವತ್ತೂ ಅಷ್ಟು ದೂರ ಯೋಚಿಸಿರಲಿಲ್ಲ. ಅಪ್ಪ ಮರೆತರು ಎಂದೇ ನನ್ನ ಲೆಕ್ಕ. ಬಿಡಲು ಕಾರಣ ಇರುತ್ತದೆ ಎಂದು ನಿನಗೆ ಯಾರು ಹೇಳಿದರು? ಅಪ್ಪ ಏನಾದರೂ ಹೇಳಿದರಾ?

ಕುಸುಮಾ


ಬಿನ್ನಿಪೇಟೆ
21 ಮಾರ್ಚ್ 2025

ಕುಸುಮಾ,

ಅದನ್ನು ನನ್ನನ್ನು ಕೇಳಬೇಡ. ಕೆಂಗೇರಿಗೆ ಫೋನ್ ಮಾಡಿ ಅವರನ್ನೇ ಕೇಳು.

ಬೈಯಬೇಡ ಕಣೇ. ಕೇಳು, ಅಷ್ಟೇ.

ಮಹದೇವ್


ಬಿನ್ನಿಪೇಟೆ
6 ಏಪ್ರಿಲ್ 2025

ಕುಸುಮಾ,

ಬೀದರಿನಿಂದ ವಿಡಿಯೋದಲ್ಲಿ ಸಭೆ ನಿನಗೆ ಪೂರ್ತಿ ಕಾಣಲಿಲ್ಲ ಎಂದು ಮೇಷ್ಟ್ರು ಹೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಓದಿದೆ. ‘ಖಾಲಿ ಬೇರೆ’ ಎಂದು ಶುರು ಮಾಡುವಾಗಲೇ ಶ್ರೀಶೈಲ ಹಿಂದಿನಿಂದ ‘ಏನ್ ಗುರು, ನಮ್ಮ ಕಡೆನೋ ಅವರ ಕಡೆನೋ?’ ಎಂದ. ಅಷ್ಟು ಮನಸ್ಸಿಟ್ಟು ಓದಿದ್ದೆ ಎಂದು ಅರ್ಥ. ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆಲ್ಲುತ್ತೀಯ ಎಂದುಕೊಂಡೆ.

ಆಮೇಲೆ ನೀನು ಓದಿದೆ. ಅಮ್ಮ ಕೊನೆಯ ಬೆಂಚಿನಲ್ಲಿ ಕೂತಿದ್ದಳು, ನಾನೇ ಕರೆದುಕೊಂಡು ಹೋಗಿದ್ದೆ. ತೋಳಿಲ್ಲದ ರವಿಕೆ ಬಂದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹುಡುಗರು ನಕ್ಕ ಜಾಗ ಬಂದಾಗ ಅತ್ತಳು. ಇಡೀ ಹಾಲ್ ತಿರುಗಿ ಅವಳನ್ನೇ ನೋಡಿತು. ಅಲ್ಲಿಗೆ ಓಟು ಮುಗಿಯಿತು ಕುಸುಮಾ. ಐದು ಕೈ ಹೆಚ್ಚು ಬಿದ್ದು ಲಾಳಿ ಗೆದ್ದಿತು. ಗೆಲ್ಲಿಸಿದ್ದು ನೀನು.

ನಾನು ಕದಿರಿಗೆ ಕೈ ಎತ್ತಿದೆ. ಶ್ರೀಶೈಲ ಎಲ್ಲರೆದುರಿಗೆ ‘ಥೂ’ ಎಂದು ಹೊರಗೆ ಹೋದ. ಸಂಜೆ ಹೊತ್ತಿಗೆ ನನ್ನನ್ನು ಲಾಳಿ ಗುಂಪಿನಿಂದ ತೆಗೆದಿದ್ದರು. ನಾನು ಹುಟ್ಟಿಸಿದ ಗುಂಪು. ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ.

ಪಂಚಾಕ್ಷರಿ ಮೇಷ್ಟ್ರಿಗೆ ಹೇಳಿದ್ದೇನೆ, ಲಾಳಿಯ ಮುಂದಿನ ಆವೃತ್ತಿಗೆ ಒಂದು ಬದಲಾವಣೆ ತರುತ್ತೇನೆ ಎಂದು. ಖಾಲಿ ಸಿಕ್ಕಿದರೆ ನಿಲ್ಲಬೇಕು, ಆದರೆ ಕೆಂಪು ಬೇಡ, ‘ತಪ್ಪು’ ಎಂಬ ಪದ ಬೇಡ. ಇಲ್ಲಿ ಯಾಕೆ ಏನೂ ಬರೆದಿಲ್ಲ ಎಂದು ಕೇಳಲಿ. ಅಮ್ಮನಂಥವರು ಎದ್ದು ಹೋಗಬಾರದು, ಅಂಕಲ್‌ನಂಥವರು ಬಿಟ್ಟು ಹೋಗಬಾರದು. ಮೇಷ್ಟ್ರು ಸರಿ ಎಂದರು. ಆದರೆ ಮೊದಲು ಶ್ರೀಶೈಲನ ವಾದವನ್ನು ಅವನು ಒಪ್ಪುವ ಹಾಗೆ ಬರೆದು ತರಬೇಕಂತೆ. ನನ್ನ ಕರ್ಮ.

ನೀನು ಗೆಲ್ಲಬಹುದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಮಹದೇವ್


ಬೀದರ್
8 ಏಪ್ರಿಲ್ 2025

ಮಹದೇವ್,

ನೀನೂ ಗೆಲ್ಲಬಹುದಿತ್ತು, ಅದೂ ನನ್ನನ್ನು ನೆಲಕ್ಕೆ ಕೆಡವಿ. ನನಗೆ ಈಗ ಗೊತ್ತು.

ಅವರನ್ನೇ ಕೇಳು ಎಂದು ನೀನು ಬರೆದ ಕಾಗದ ಬಂದ ಸಂಜೆಯೇ ಫೋನ್ ಮಾಡಿದ್ದೆ. ಅಪ್ಪ ಮೊದಲು ಅಂಗಡಿ ವಿಷಯ ಹೇಳಿದರು, ಆಮೇಲೆ ಸಿಗ್ನಲ್ ಇಲ್ಲ ಎಂದರು, ಆಮೇಲೆ ಅಮ್ಮನ ಕೈಗೆ ಫೋನ್ ಕೊಟ್ಟರು. ಅಮ್ಮ ವಾಪಸ್ ಅವರ ಕೈಗೇ ಕೊಟ್ಟರು. ಆಗ ಹೇಳಿದರು. ಎಲ್ಲ ಕೇಳಿಸಿಕೊಂಡೆ. ನಿನ್ನ ಮೇಲೆ, ಲಾಳಿಯ ಮೇಲೆ ಎಂಟು ತಿಂಗಳು ಹರಿಸಿದ ಕೋಪವೆಲ್ಲ ಎಲ್ಲಿಡಬೇಕು ಎಂದು ಗೊತ್ತಾಗಲಿಲ್ಲ. ‘ಬೈತೀಯೇನಮ್ಮ?’ ಎಂದು ಅವರೇ ಕೇಳಿದರು. ಅರವತ್ತು ದಾಟಿದ ಮನುಷ್ಯ, ಸಿಮೆಂಟ್ ಲಾರಿಯವರನ್ನು ನಡುಗಿಸುವ ಮನುಷ್ಯ. ಆ ದನಿ ಇನ್ನೂ ಕಿವಿಯಲ್ಲಿದೆ.

ಯುಗಾದಿಗೆ ಮೊದಲು ಶುಗರ್ ಪ್ರೋಗ್ರಾಮನ್ನು ಹೊಸದಾಗಿ ಬರೆದುಕೊಟ್ಟೆ, ಕದಿರಿನಲ್ಲಿ. ಸರಾಸರಿ ಇಲ್ಲ, ಚುಕ್ಕೆ ಇಲ್ಲ. ಅಂಕಿ ಇಲ್ಲದಿದ್ದರೆ ನಿಲ್ಲುತ್ತದೆ. ‘ತಪ್ಪು’ ಎನ್ನುವ ಸಾಲನ್ನು ನಾನೂ ಅಳಿಸಿದ್ದೇನೆ, ನೀನು ಮೇಷ್ಟ್ರಿಗೆ ಹೇಳುವ ಮುಂಚೆಯೇ. ಅದರ ಬದಲು ‘ಇವತ್ತು ಯಾಕೆ ಬರೆದಿಲ್ಲ?’ ಎಂದು ಕೇಳುತ್ತದೆ. ಸತ್ತ ಭಾಷೆ ಎಂದಿದ್ದೆಯಲ್ಲ, ಅದಕ್ಕೆ ಕೆಂಗೇರಿಯಲ್ಲಿ ಒಬ್ಬ ಗಿರಾಕಿ ಇದ್ದಾರೆ. ಅವರಿರುವ ತನಕ ನಾನು ಅದನ್ನು ಬಿಡುವುದಿಲ್ಲ.

ಯುಗಾದಿಯ ದಿನ ಅಪ್ಪ ಅಂಕಿ ಹಾಕಲಿಲ್ಲ. ಪ್ರೋಗ್ರಾಮ್ ನಿಂತಿತು, ಕೇಳಿತು. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಉತ್ತರ ಬಂತು: ‘ಒಬ್ಬಟ್ಟು. ಎರಡು.’

ಫೋನ್ ಮಾಡಿದೆ. ಬೈಯಲಿಲ್ಲ ಕಣೋ. ತುಪ್ಪ ಹಾಕ್ಕೊಂಡ್ರಾ ಎಂದು ಕೇಳಿದೆ. ಹಾಕಿಕೊಂಡಿದ್ದರಂತೆ.

ಕುಸುಮಾ